ಹುಣಸೆಹಣ್ಣಿಗೆ ಹೊಳೆದ ಹಲ್ಲು

ಮೊನ್ನೆ ನನ್ನ ಬಲದವಡೆಯ ಹಲ್ಲೊಂದು ಮುರಿಯಿತು. ಮುರಿದದ್ದು ಇಡ್ಲಿಗೆ. ಈ ವಿವರವನ್ನು ಮುಚ್ಚಿಡಬಹುದಿತ್ತು. ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿದವನ ಹಲ್ಲು ಮುರಿಯುವುದಾದರೆ ಕಬ್ಬಿನ ಗಿಣ್ಣಿಗೆ ಮುರಿಯಬೇಕು, ಇಲ್ಲವೇ ಬೀಗರೂಟದ ಮೂಳೆಗೆ ಮುರಿಯಬೇಕು. ಅದರಲ್ಲೊಂದು ಮರ್ಯಾದೆ ಇದೆ. ನನ್ನದು ಮದ್ದೂರಿನ ಹೋಟೆಲೊಂದರಲ್ಲಿ, ಒಂದು ಸಭೆಯ ವರದಿ ಮುಗಿಸಿ ಬಂದು ಕುಳಿತಾಗ, ಸಹೋದ್ಯೋಗಿಗಳ ಎದುರಿಗೆ, ಬಿಸಿ ಇಡ್ಲಿಯ ಎರಡನೇ ತುತ್ತಿಗೆ ‘ಕಟ್’ ಎಂದಿತು. ಚಟ್ನಿಯಲ್ಲಿ ಕಲ್ಲೇನಾದರೂ ಇತ್ತೇ ಎಂದು ಬೆರಳಾಡಿಸಿ ಹುಡುಕಿದೆ. ಇರಲಿಲ್ಲ. ಮೂವತ್ತು ವರ್ಷ ಸುದ್ದಿಮನೆಯಲ್ಲಿ ಕಳೆದವನಿಗೆ ಇಲ್ಲದ ಕಲ್ಲನ್ನು ಸೇರಿಸಿ ಬರೆಯುವುದು ಕಷ್ಟ. ಆದ್ದರಿಂದ ಇಡ್ಲಿ ಎಂದೇ ಬರೆಯುತ್ತಿದ್ದೇನೆ.

ಮಂಡ್ಯದಲ್ಲಿ ನನಗೆ ಪರಿಚಯದ ಹಲ್ಲಿನ ಡಾಕ್ಟರ್ ಒಬ್ಬರಿದ್ದಾರೆ. ಮಳವಳ್ಳಿ ಕಡೆಯ ಹೆಣ್ಣುಮಗಳು. ಅವರ ಕ್ಲಿನಿಕ್ಕಿನಲ್ಲಿ ಒಳಗೆ ಹೋಗುವ ಮುಂಚೆ ಒಂದು ಹಾಳೆ ತುಂಬಿಸಬೇಕು. ಸಕ್ಕರೆ ಕಾಯಿಲೆ ಇದೆಯೇ, ಬಿ.ಪಿ. ಇದೆಯೇ ಎಂಬ ಅಚ್ಚಿನ ಪ್ರಶ್ನೆಗಳ ಕೆಳಗೆ ಕೈಬರಹದ ಎರಡು ಸಾಲುಗಳಿವೆ. ‘ಓಲೆ, ವಾಚು, ಬೆಲ್ಟಿನ ಬಕಲ್ ತಾಗಿ ಎಂದಾದರೂ ಮೈ ಕೆರೆದು ಕೆಂಪಾಗಿದೆಯೇ?’ ಎಂಬುದು ಒಂದು. ‘ಹಲ್ಲನ್ನು ಯಾವುದರಿಂದ ಉಜ್ಜುತ್ತೀರಿ? ನಾಚಿಕೆಪಡದೆ ಬರೆಯಿರಿ’ ಎಂಬುದು ಇನ್ನೊಂದು.

ನನ್ನ ಪಕ್ಕ ಕೆನ್ನೆ ಊದಿಸಿಕೊಂಡು ಕುಳಿತಿದ್ದ ರೈತರೊಬ್ಬರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಅಲ್ಲ ಸಾ, ಅಲ್ಲು ಕೀಳ್ಸಕೆ ಬಂದ್ರೆ ಬೆಲ್ಟಿನ ಇಚಾರ ಯಾಕ್ ಕೇಳ್ತವ್ರೆ?”

“ಅದಕ್ಕೊಂದು ಕತೆ ಇದೆ” ಎಂದೆ.

“ಯೋಳಿ ಮತ್ತೆ. ಎಂಗೂ ನಾನ್ ಮಾತಾಡಂಗಿಲ್ಲ” ಎಂದು ಅವರು ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ನನ್ನತ್ತ ತಿರುಗಿ ಕುಳಿತರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಒಳಗಿನಿಂದ ಅವರಿಗೆ ಕರೆ ಬಂತು. ಅವರಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ಆ ಎರಡು ಪ್ರಶ್ನೆಗಳು ಆ ಹಾಳೆಗೆ ಬಂದದ್ದು ನನ್ನ ಚಿಕ್ಕವ್ವನಿಂದ.

ಚಿಕ್ಕವ್ವ ಎಂದರೆ ನನ್ನ ತಾಯಿಯ ತಂಗಿ, ಪುಟ್ಟತಾಯಮ್ಮ. ಮಳವಳ್ಳಿಯಿಂದ ಬೆಳಕವಾಡಿಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಒಂದಿಷ್ಟು ಒಳಕ್ಕೆ ನಡೆದರೆ ಅವಳ ಊರು. ಮಗ, ಸೊಸೆ ಸವಿತಾ, ಎರಡು ಹಸು, ಗದ್ದೆ, ಮತ್ತು ಪಾತ್ರೆಗಳು. ಪಾತ್ರೆಗಳನ್ನು ಕೊನೆಯಲ್ಲಿ ಹೇಳಿದೆ ಎಂದು ಅವಳಿಗೆ ಗೊತ್ತಾದರೆ ಬೇಜಾರಾಗುತ್ತಾಳೆ. ಬೇಸಗೆ ರಜೆಯಲ್ಲಿ ನಾವು ಅವಳ ಮನೆಗೆ ಹೋದರೆ ಮೊದಲ ಕೆಲಸ ಹಂಡೆ, ಕೊಳಗ, ತಪ್ಪಲೆಗಳನ್ನು ನಾಲೆಗೆ ಹೊರುವುದು. ಸಾರಿಗೆ ಕಿವುಚಿ ಹಿಂಡಿದ ಹುಣಸೆಹಣ್ಣಿನ ಸಿಪ್ಪೆಯನ್ನು ಆ ಮನೆಯಲ್ಲಿ ಎಸೆದದ್ದನ್ನು ನಾನು ನೋಡಿಲ್ಲ. ಅದು ತೆಂಗಿನ ಚಿಪ್ಪಿನಲ್ಲಿ ಕೂಡಿರುತ್ತಿತ್ತು. ಅದಕ್ಕೆ ಒಂದು ಹಿಡಿ ಉಪ್ಪು, ಒಲೆಯ ಬೂದಿ. ಕರ್ರಗಿದ್ದ ತಾಮ್ರದ ಬಿಂದಿಗೆ ಅವಳ ಕೈಯಲ್ಲಿ ನಾಲ್ಕು ಸುತ್ತು ತಿರುಗಿದರೆ ಎಳೆಗೂಸಿನ ಅಂಗಾಲಿನ ಬಣ್ಣಕ್ಕೆ ಬರುತ್ತಿತ್ತು. ನಾವು ಉಜ್ಜಿದ ಪಾತ್ರೆಯನ್ನು ಅವಳು ಬಿಸಿಲಿಗೆ ಹಿಡಿದು ನೋಡಿ, ಏನೂ ಹೇಳದೆ, ಮತ್ತೆ ಉಜ್ಜುತ್ತಿದ್ದಳು. ನಾನು ಮುಂದೆ ಎಷ್ಟೋ ಸಂಪಾದಕರ ಕೈಕೆಳಗೆ ಕೆಲಸ ಮಾಡಿದ್ದೇನೆ. ಬರೆದದ್ದನ್ನು ಏನೂ ಹೇಳದೆ ಮತ್ತೆ ಬರೆಯುವವರನ್ನು ಕಂಡಾಗಲೆಲ್ಲ ಆ ನಾಲೆಯ ಮೆಟ್ಟಿಲು ನೆನಪಾಗಿದೆ.

ಲೋಹದ ವಿಷಯದಲ್ಲಿ ಅವಳಿಗೆ ನಮ್ಮ ಶಾಲೆಯ ಮೇಷ್ಟರಿಗಿಂತ ಹೆಚ್ಚು ಗೊತ್ತಿತ್ತು. ಕಬ್ಬಿಣಕ್ಕೆ ಬರುವುದು ತುಕ್ಕು, ತಾಮ್ರ ಹಿತ್ತಾಳೆಗೆ ಬರುವುದು ಕಿಲುಬು. ತುಕ್ಕು ತಿಂದರೆ ಏನೂ ಆಗದು, ಕಿಲುಬು ತಿಂದರೆ ವಾಂತಿ. ಹಿತ್ತಾಳೆ ಪಾತ್ರೆಯಲ್ಲಿ ಹುಳಿಸಾರು ಮಾಡಬೇಕಾದರೆ ಒಳಗೆ ಕಲಾಯಿ ಇರಬೇಕು. ಕಲಾಯಿಯವನು ಊರಿಗೆ ಬಂದಾಗ ಅವನು ತಿದಿಯೊತ್ತಿ, ಪಾತ್ರೆ ಕಾಯಿಸಿ, ತವರದ ಕಡ್ಡಿ ತಾಗಿಸಿ ಅರಿವೆಯಿಂದ ಒರೆಸುವವರೆಗೂ ಎದುರಿಗೇ ಕುಕ್ಕರಗಾಲಿನಲ್ಲಿ ಕುಳಿತಿರುತ್ತಿದ್ದಳು. ಒಂದು ಉಗುರಿನಷ್ಟು ಜಾಗ ಬಿಟ್ಟಿದ್ದರೂ ಅವನು ಮತ್ತೆ ಒಲೆ ಹೊತ್ತಿಸಬೇಕಾಗುತ್ತಿತ್ತು.

ಅವಳ ಇನ್ನೊಂದು ಗೌರವ ನಾಲಿಗೆಯದು. ನಮ್ಮ ಕಡೆ ಮದುವೆಯಾದ ಮೇಲೆ ಬೀಗರೂಟ ನಡೆಯದಿದ್ದರೆ ಮದುವೆ ಅರ್ಧವೇ ಆದಂತೆ. ಅಡಿಗೆ ಮಾಡುವವರು ಗಂಡಸರೇ. ಆದರೆ ಅವಳ ಊರಿನಲ್ಲೂ ಸುತ್ತಲಿನ ನಾಲ್ಕು ಊರಿನಲ್ಲೂ ಮಾಂಸದ ಸಾರಿನ ಕೊಳಗ ಒಲೆಯಿಂದ ಇಳಿಯುವ ಮುಂಚೆ ಒಂದು ತೊಟ್ಟು ಚಿಕ್ಕವ್ವನ ಅಂಗೈಗೆ ಬರಬೇಕು. ಅವಳು ನೆಕ್ಕಿ, ಕಣ್ಣು ಮುಚ್ಚಿ, ಒಂದು ಗಳಿಗೆ ಸುಮ್ಮನಿರುತ್ತಾಳೆ. ಐನೂರು ಜನ ಎಲೆಯ ಮುಂದೆ ಕುಳಿತಿದ್ದರೂ ಆ ಗಳಿಗೆ ಅವಳದು. ಆಮೇಲೆ “ಇಳ್ಸಿ” ಎನ್ನುತ್ತಾಳೆ, ಇಲ್ಲವೇ “ವಸಿ ಉಪ್ಪು” ಎನ್ನುತ್ತಾಳೆ.

ಇಲ್ಲಿ ಒಂದು ಮಾತು. ನಮ್ಮವರಿಗೆ ಹಲ್ಲಿನ ಚಿಂತೆ ತಡವಾಗಿ ಬರುವುದಕ್ಕೆ ರಾಗಿಮುದ್ದೆಯೇ ಕಾರಣ ಎಂದು ನನ್ನ ಅನುಮಾನ. ಮುದ್ದೆಯನ್ನು ಅಗಿಯುವಂತಿಲ್ಲ, ನುಂಗಬೇಕು. ದಿನಕ್ಕೆರಡು ಹೊತ್ತು ಹಲ್ಲಿಗೆ ರಜೆ ಕೊಟ್ಟ ಜನ ನಾವು. ಬಂಡೂರು ಕುರಿಯ ಮಾಂಸವನ್ನು ಹೊಗಳುವಾಗಲೂ “ಅಗಿಯಕ್ಕೆ ಅಲ್ಲೇ ಬೇಡ” ಎಂದೇ ಹೊಗಳುವುದು. ಹೀಗಾಗಿ ಚಿಕ್ಕವ್ವನ ಎಡದವಡೆಯ ಹಲ್ಲು ಒಳಗೊಳಗೇ ಟೊಳ್ಳಾದದ್ದು ಅವಳಿಗೆ ಗೊತ್ತಾಗುವ ಹೊತ್ತಿಗೆ ಬೇರು ತೊಳೆದು ಕ್ಯಾಪು ಹಾಕಿಸಬೇಕಾಗಿತ್ತು. ಹಲ್ಲಿನ ಬಣ್ಣದ ಕ್ಯಾಪೂ ಇದೆ, ಲೋಹದ್ದೂ ಇದೆ ಎಂದಾಗ ಅವಳು ಲೋಹದ್ದೇ ಬೇಕೆಂದಳು.

“ಅಲ್ಲಿನ ಬಣ್ಣದ್ದೇ ಆಕ್ಸಿದ್ರೆ, ಆಕ್ಸಿರದು ಯಾರ್ಗೆ ಗೊತ್ತಾಯ್ತದೆ?”

ಜನ ಅದನ್ನು ಸ್ಟೀಲ್ ಹಲ್ಲು ಎನ್ನುತ್ತಾರೆ. ಅದು ಸ್ಟೀಲಲ್ಲ. ಬಹುಪಾಲು ನಿಕಲ್, ಅದಕ್ಕೆ ಕ್ರೋಮಿಯಂ ಬೆರೆಸಿದ ಮಿಶ್ರಲೋಹ. ಗಟ್ಟಿ, ಸವೆಯುವುದಿಲ್ಲ, ಸಾಮಾನ್ಯವಾಗಿ ಯಾರಿಗೂ ತೊಂದರೆ ಕೊಡುವುದಿಲ್ಲ. ನನ್ನ ಬಾಯಲ್ಲೇ ಅಂಥದೊಂದು ಹನ್ನೆರಡು ವರ್ಷದಿಂದ ಇದೆ, ಇರುವುದೇ ಮರೆತುಹೋಗಿದೆ. ಚಿಕ್ಕವ್ವ ಮರೆಯಲಿಲ್ಲ. ಮನೆಗೆ ಬಂದವರಿಗೆ ಕೆನ್ನೆ ಎಳೆದು ತೋರಿಸುತ್ತಿದ್ದಳು. ಕ್ಯಾಪು ಹಾಕಿಸಿ ಮೂರು ವರ್ಷವಾಗಿತ್ತೇನೋ, ಒಂದು ಬೆಳಿಗ್ಗೆ ಸವಿತಾ ನನಗೆ ಫೋನು ಮಾಡಿದಳು.

“ಬಾವ, ಅತ್ತೆ ಉಪ್ಪು ನೋಡ್ತಾ ಇಲ್ಲ.”

ನನಗೆ ಅರ್ಥವಾಗಲಿಲ್ಲ. ಹಿಂದಿನ ದಿನ ಬಂಡೂರಿನಲ್ಲಿ ಒಂದು ಬೀಗರೂಟವಂತೆ. ಕೊಳಗದ ಹತ್ತಿರ ಕರೆದಾಗ ಚಿಕ್ಕವ್ವ ಕೈ ಚಾಚಲಿಲ್ಲವಂತೆ. “ಸವಿತನೇ ನೋಡ್ಲಿ” ಎಂದು ಹಿಂದೆ ಸರಿದಳಂತೆ. ಮನೆಯಲ್ಲೂ ಒಂದು ತಿಂಗಳಿಂದ ಸಾರಿಗೆ ನೀರು ಬೆರೆಸಿಕೊಂಡು ಉಣ್ಣುತ್ತಾಳೆ, ಉಣ್ಣುವಾಗ ಗೋಡೆಯ ಕಡೆ ತಿರುಗಿ ಕೂರುತ್ತಾಳೆ.

ಭಾನುವಾರ ಹೋದೆ. ಚಿಕ್ಕವ್ವ ಏನೂ ಆಗಿಲ್ಲ ಎಂದಳು.

“ಇವ್ಳು ಸಾರ್ಗೆ ಸ್ಯಾನೆ ಖಾರ ಆಕ್ತಾಳೆ ಕಣ್ಲಾ, ಅದ್ಕೆ ವಸಿ ಬಾಯಿ ಉರೀತದೆ.”

“ಖಾರ ಎಚ್ಚಾಗಿದ್ರೆ ಮನೆಯೋರ್ಗೆಲ್ಲ ಉರೀಬೇಕಿತ್ತಲ್ಲ ಅತ್ತೆ” ಎಂದಳು ಸವಿತಾ ಒಳಗಿನಿಂದ.

“ನಿಮ್ಗೆಲ್ಲ ನಾಲ್ಗೆ ಸತ್ತೋಗದೆ. ಉರುದ್ರೆ ಎಂಗೆ ಗೊತ್ತಾಯ್ತದೆ?”

ಬಾಗಿಲಿನ ಬೆಳಕಿಗೆ ಕೂರಿಸಿ ಮೊಬೈಲಿನ ಟಾರ್ಚು ಹಾಕಿ ನೋಡಿದೆ. ಎಡಗೆನ್ನೆಯ ಒಳಭಾಗದಲ್ಲಿ ಬಲೆ ಹೆಣೆದಂತೆ ಬಿಳಿ ಗೆರೆಗಳು. ನಡುವೆ ಕೆಂಪಗೆ ಸುಲಿದ ಜಾಗ. ಚಿಕ್ಕವ್ವ ಊಟವಾದ ಮೇಲೆ ಎಲೆಅಡಿಕೆಯ ಜೊತೆ ಒಂದು ಚಿಟಿಕೆ ಹೊಗೆಸೊಪ್ಪು ಹಾಕುತ್ತಿದ್ದುದು ಎಲ್ಲರಿಗೂ ಗೊತ್ತು. ನನಗೆ ಇನ್ನೇನೂ ಬೇಕಾಗಲಿಲ್ಲ.

ಸುದ್ದಿಮನೆಗೆ ಹೊಸದಾಗಿ ಬಂದವರಿಗೆ ನಾನು ಮೊದಲ ದಿನ ಹೇಳುವ ಪಾಠವೊಂದಿದೆ. ಶೀರ್ಷಿಕೆಯನ್ನು ಮೊದಲು ಬರೆದಿಟ್ಟುಕೊಂಡು ಸುದ್ದಿ ಹುಡುಕಲು ಹೋಗಬೇಡಿ, ಇಬ್ಬರನ್ನು ಕೇಳದೆ ಒಂದು ಸಾಲೂ ಬರೆಯಬೇಡಿ. ಆ ಭಾನುವಾರ ನಾನು ಯಾರನ್ನೂ ಕೇಳಲಿಲ್ಲ. ಹೊಗೆಸೊಪ್ಪಿನ ಮೇಲೆ ಅರ್ಧ ಗಂಟೆ ಉಪನ್ಯಾಸ ಮಾಡಿದೆ. ಚಿಕ್ಕವ್ವ ತಲೆ ತಗ್ಗಿಸಿ ಕೇಳಿದಳು. ಸಂಚಿಯಲ್ಲಿದ್ದ ಹೊಗೆಸೊಪ್ಪಿನ ಪೊಟ್ಟಣ ತೆಗೆದು ಒಲೆಗೆ ಹಾಕಿದಳು. ಅವತ್ತಿನಿಂದ ಮುಟ್ಟಲಿಲ್ಲ. ಎರಡು ತಿಂಗಳಾಯಿತು. ಹುಣ್ಣು ಇದ್ದಂತೆಯೇ ಇತ್ತು.

ಈಗ ನಿಜವಾದ ಹೆದರಿಕೆ ಶುರುವಾಯಿತು. ಆ ಕಾಯಿಲೆಯ ಹೆಸರನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ‘ಅದು’ ಎನ್ನುತ್ತಿದ್ದರು. ಅದೋ ಅಲ್ಲವೋ ಎಂದು ತಿಳಿಯಬೇಕಾದರೆ ಹುಣ್ಣಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಅದಕ್ಕೆ ಚಿಕ್ಕವ್ವ ಒಪ್ಪಲಿಲ್ಲ.

“ಬಾಯ್ಗೆ ಕತ್ತಿ ಇಕ್ಸಕಳಲ್ಲ ಕಣ್ಲಾ. ಮೇಗ್ಲ ಮನೆ ಜಯಮ್ಮನ್ಗೆ ಏನಾಯ್ತು? ವಸಿ ಕುಯ್ದು ನೋಡ್ತೀವಿ ಅಂದ್ರು. ಕುಯ್ದ್ ಮೇಲೆ ಆರ್ ತಿಂಗ್ಳು ಇರ್ನಿಲ್ಲ.”

“ಅವುರ್ಗೆ ಮದ್ಲೇ ಜಾಸ್ತಿಯಾಗಿತ್ತು ಕಣವ್ವ. ಕುಯ್ದಿದ್ರಿಂದ ಅಲ್ಲ.”

“ನೀನ್ ನೋಡಿದ್ಯಾ?”

“ಇಲ್ಲ.”

“ಪೇಪರ್ನೋನು. ನೋಡ್ದೆ ಯೋಳ್ತೀಯ.”

ಸವಿತಾ ಅತ್ತಳು, ಮಗ ಕೂಗಾಡಿದ, ನಾನು ತಿಳಿಹೇಳಿದೆ. ಚಿಕ್ಕವ್ವ ಹಸುವಿಗೆ ಹುಲ್ಲು ಹಾಕಲು ಎದ್ದುಹೋದಳು.

ಅವತ್ತು ನಾನು ಅಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ಮುಖ ತೊಳೆಯಲೆಂದು ಹಿತ್ತಲಿನ ನಲ್ಲಿಯ ಹತ್ತಿರ ಹೋದಾಗ ಚಿಕ್ಕವ್ವ ನನಗೆ ಬೆನ್ನು ಮಾಡಿ ಕುಳಿತಿದ್ದಳು. ಪಕ್ಕದಲ್ಲಿ ತೆಂಗಿನ ಚಿಪ್ಪು. ಪಾತ್ರೆ ಉಜ್ಜುತ್ತಿದ್ದಾಳೆ ಅಂದುಕೊಂಡೆ. ಆದರೆ ಮುಂದೆ ಪಾತ್ರೆಯೇ ಇರಲಿಲ್ಲ. ತೋರುಬೆರಳಿಗೆ ಹುಣಸೆಹಣ್ಣಿನ ಸಿಪ್ಪೆ ಸುತ್ತಿ, ಉಪ್ಪಿನಲ್ಲಿ ಅದ್ದಿ, ಬಾಯೊಳಗೆ ಹಾಕಿಕೊಂಡು ಎಡದವಡೆಯನ್ನು ತಿಕ್ಕುತ್ತಿದ್ದಳು. ತಿಕ್ಕುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಸೆರಗಿನಿಂದ ಒರೆಸಿಕೊಂಡು ಮತ್ತೆ ತಿಕ್ಕುತ್ತಿದ್ದಳು.

“ಏನವ್ವ ಮಾಡ್ತಾ ಇದ್ದೀಯ?”

ಅವಳಿಗೆ ನಾಚಿಕೆಯೇನೂ ಆಗಲಿಲ್ಲ. ಬಾಯಿ ಮುಕ್ಕಳಿಸಿ ಉಗಿದಳು.

“ಸ್ಟೀಲಲ್ಲು ಕರ್ರಗಾಯ್ತದೆ ಕಣ್ಲಾ. ದಿನಾ ಬೆಳುಗ್ಬೇಕು. ಬುಟ್ರೆ ಕಿಲುಬು ಇಡ್ಕತದೆ.”

“ಎಷ್ಟು ದಿನದಿಂದ?”

“ಆಕ್ಸಿದ್ ಮಾರ್ನೆ ದಿನದಿಂದ. ನೋಡು, ಎಂಗದೆ” ಎಂದು ಕೆನ್ನೆ ಎಳೆದು ತೋರಿಸಿದಳು. ಅವಳ ಹಂಡೆಗಳ ಹಾಗೆಯೇ ಇತ್ತು. ಹಲ್ಲು ಮಿರಮಿರ ಹೊಳೆಯುತ್ತಿತ್ತು. ಅದರ ಪಕ್ಕದಲ್ಲೇ ಕೆನ್ನೆ ಸುಲಿದಿತ್ತು.

ಆ ಕ್ಷಣದಲ್ಲಿ ನನಗೆ ಎಲ್ಲವೂ ಅರ್ಥವಾಯಿತು ಎಂದು ಬರೆಯಲು ಕೈ ತುರಿಸುತ್ತದೆ. ಆಗಲಿಲ್ಲ. ಹುಣ್ಣಿನ ಮೇಲೆ ಉಪ್ಪು ಹಾಕಿ ತಿಕ್ಕುವುದು ಮೂರ್ಖತನ ಎಂದಷ್ಟೇ ಅನ್ನಿಸಿತು. ಕಾಫಿಯ ಲೋಟ ಹಿಡಿದು ಬಂದ ಸವಿತಾ ಅಲ್ಲೇ ನಿಂತುಬಿಟ್ಟಿದ್ದಳು. ಆಮೇಲೆ ನಿಧಾನವಾಗಿ ಕೇಳಿದಳು.

“ಬಾವ, ನಿಮ್ಮ ತಂಗಿ ಮದ್ವೇಲಿ ಅತ್ತೆ ಕಿವಿ ಇಂಗೇ ಆಗಿತ್ತಲ್ಲ?”

ಆಗಿತ್ತು. ನನ್ನ ತಂಗಿಯ ಮದುವೆಯಲ್ಲಿ ಹೆಂಗಸರೆಲ್ಲ ಒಂದೇ ನಮೂನೆಯ ಜುಮುಕಿ ಹಾಕಬೇಕೆಂದು ತಂಗಿ ಹಟ ಹಿಡಿದು ಮೈಸೂರಿನಿಂದ ರೋಲ್ಡ್ ಗೋಲ್ಡ್ ಸೆಟ್ಟು ತರಿಸಿದ್ದಳು. ಎಲ್ಲರೂ ಹಾಕಿಕೊಂಡರು. ಚಿಕ್ಕವ್ವನ ಕಿವಿ ಮಾತ್ರ ಸಂಜೆಯ ಹೊತ್ತಿಗೆ ಕೆಂಪಗಾಗಿ, ಮರುದಿನ ನೀರು ಒಸರಿ, ವಾರವಾದರೂ ಒಣಗಲಿಲ್ಲ. ಹೆಂಗಸರು ‘ಮಾರಾಣಿ ಕಿವಿ, ಚಿನ್ನ ಬಿಟ್ರೆ ಒಪ್ಪಲ್ಲ’ ಎಂದು ಬಹಳ ದಿನ ಆಡಿಕೊಂಡರು. ಚಿಕ್ಕವ್ವನೂ ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡಿದ್ದಳು. ಅಂಥ ಒಡವೆಗಳ ಹೊಳಪಿನ ಕೆಳಗೆ ಹೆಚ್ಚಾಗಿ ಇರುವುದು ನಿಕಲ್ ಎಂದು ನನಗೆ ಆಗ ತಿಳಿದಿರಲಿಲ್ಲ. ನನಗೆ ಗೊತ್ತಿದ್ದ ಆ ಹಲ್ಲಿನ ಡಾಕ್ಟರಿಗೆ ಅಲ್ಲಿಂದಲೇ ಫೋನು ಮಾಡಿ ಹಲ್ಲು, ಹುಣಸೆಹಣ್ಣು, ಕಿವಿ ಮೂರನ್ನೂ ಹೇಳಿದೆ. ಅವರು ಮೊದಲು ಹಲ್ಲನ್ನು ಹುಣಸೆಹಣ್ಣಿನಲ್ಲಿ ಬೆಳಗುವುದನ್ನು ನಿಲ್ಲಿಸಲು ಹೇಳಿದರು. “ಕರೆದುಕೊಂಡು ಬನ್ನಿ. ಇವತ್ತೇ” ಎಂದರು.

ಚಿಕ್ಕವ್ವನನ್ನು ಹುಣ್ಣು ತೋರಿಸಲು ಎಂದು ಕರೆದಿದ್ದರೆ ಬರುತ್ತಿರಲಿಲ್ಲ. ನಾನು ಇದ್ದದ್ದನ್ನೇ ಹೇಳಿದೆ.

“ಅಲ್ಲುನ್ನ ಉಣ್ಸೇಅಣ್ಣಲ್ಲಿ ಬೆಳುಗ್ಬಾರದು ಅಂತಾರೆ ಆ ಡಾಕ್ಟರಮ್ಮ.”

“ಯಾರಂದೋಳು?”

“ಮಳವಳ್ಳಿ ಕಡೆಯೋಳೇ. ನೀನೇ ಬಂದು ಕೇಳು.”

ಪಾತ್ರೆ ಬೆಳಗುವ ವಿಷಯದಲ್ಲಿ ತನ್ನನ್ನು ತಿದ್ದುವವಳು ಈ ಸೀಮೆಯಲ್ಲಿ ಹುಟ್ಟಿದ್ದಾಳೆಯೇ ಎಂದು ನೋಡಲು ಚಿಕ್ಕವ್ವ ಹೊರಟಳು. ಮಳವಳ್ಳಿಯಲ್ಲಿ ಬಸ್ಸು ಹತ್ತಿ, ಮದ್ದೂರಿನಲ್ಲಿ ಇಳಿದು ಬೇರೆ ಬಸ್ಸು ಹಿಡಿದು ಮಂಡ್ಯ ಸೇರುವವರೆಗೂ ಅವಳು ಹೇಳಬೇಕಾದ ಮಾತುಗಳನ್ನು ಸವಿತಾಳ ಮೇಲೆ ಪ್ರಯೋಗಿಸುತ್ತಿದ್ದಳು.

ಡಾಕ್ಟರಮ್ಮ ಬಾಯಿ ನೋಡಿದರು. ಬಹಳ ಹೊತ್ತು ನೋಡಿದರು. ಕೆನ್ನೆಯ ಗೆರೆಗಳು ಕ್ಯಾಪಿಗೆ ತಾಗುವ ಜಾಗದಲ್ಲಷ್ಟೇ ಇದ್ದವು, ಬಲಗೆನ್ನೆ ಸ್ವಚ್ಛವಾಗಿತ್ತು. ಆಮೇಲೆ ಕುರ್ಚಿ ಎಳೆದುಕೊಂಡು ಚಿಕ್ಕವ್ವನ ಎದುರಿಗೆ ಕುಳಿತು ಊರಿನ ಮಾತಿಗಿಳಿದರು.

“ಅವ್ವ, ನಿಮ್ಮನೇಲಿ ಕಲಾಯಿ ಆಕ್ಸಿದ್ ಪಾತ್ರೆ ಅವಾ?”

“ಅವೆ ಕಣವ್ವ. ನಾಕವೆ.”

“ಅದ್ರ ಒಳ್ಗಡೆ ಉಣ್ಸೇಅಣ್ಣು ಬೂದಿ ಆಕಿ ಉಜ್ತೀರಾ?”

“ಎಲ್ಲಾರ ಉಂಟಾ” ಎಂದಳು ಚಿಕ್ಕವ್ವ, ಇಂಥ ಅವಿವೇಕದ ಪ್ರಶ್ನೆಗೆ ಕನಿಕರಪಟ್ಟು. “ಒಳ್ಗಡೆ ಉಜ್ಜುದ್ರೆ ಕಲಾಯಿ ಓಯ್ತದೆ. ವಳ್ಗಿನ ಇತ್ತಾಳೆ ಬಾಯ್ಬುಡ್ತದೆ. ಆಮೇಲೆ ಉಳಿ ಇಕ್ಕುದ್ರೆ ಸಾರೆಲ್ಲ ಕಿಲುಬು.”

“ಈ ಅಲ್ಲುಗೂ ಕಲಾಯಿ ಅದೆ ಕಣವ್ವ.”

ಚಿಕ್ಕವ್ವ ತನ್ನ ತೋರುಬೆರಳನ್ನು ಎತ್ತಿ ನೋಡಿಕೊಂಡಳು.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಈ ಲೋಹದಲ್ಲಿ ಎರಡು ಸೇರಿವೆ. ಕ್ರೋಮಿಯಂ ಎಂಬುದು ಗಾಳಿ ಸೋಕಿದೊಡನೆ ಮೇಲೆ ತಾನೇ ಒಂದು ತೆಳು ಪೊರೆ ಕಟ್ಟುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಯಾವ ಕಲಾಯಿಯವನೂ ಬೇಕಿಲ್ಲ. ಒಳಗಿರುವ ನಿಕಲನ್ನು ಹೊರಗೆ ಬಿಡದಂತೆ ಕಾಯುವುದು ಆ ಪೊರೆಯೇ. ಕೆರೆದರೂ ಮತ್ತೆ ಕಟ್ಟಿಕೊಳ್ಳುತ್ತದೆ. ಆದರೆ ದಿನಾ ಹುಳಿ, ದಿನಾ ಉಪ್ಪು, ದಿನಾ ತಿಕ್ಕಾಟ. ಕಟ್ಟಿಕೊಳ್ಳಲು ಪುರುಸೊತ್ತೇ ಇಲ್ಲ. ಅಷ್ಟಷ್ಟೇ ನಿಕಲ್ ಕರಗಿ ಎಂಜಲಿಗೆ ಬರುತ್ತದೆ. ಬೇರೆಯವರಾದರೆ ಇದನ್ನೂ ತಡೆದುಕೊಳ್ಳುತ್ತಿದ್ದರೇನೋ. ಕಿವಿಗೆ ಆಗದ ಲೋಹ ಇವರ ಕೆನ್ನೆಗೂ ಆಗಿಲ್ಲ.

“ಕ್ಯಾಪು ಹಾಕಿದವರದು ತಪ್ಪಾ?” ಎಂದು ಕೇಳಿದೆ. ಕೇಳುವುದು ನನ್ನ ಕಸುಬು.

“ಲೋಹ ಚೆನ್ನಾಗಿಯೇ ಇದೆ. ಕಿವಿಯ ವಿಷಯ ಇವರು ಹೇಳಿಲ್ಲ, ಅವರು ಕೇಳಿಲ್ಲ. ನಾನೂ ಇಲ್ಲಿಯವರೆಗೆ ಯಾರನ್ನೂ ಕೇಳಿರಲಿಲ್ಲ” ಎಂದರು ಡಾಕ್ಟರಮ್ಮ.

ಚಿಕ್ಕವ್ವ ಅಷ್ಟು ಹೊತ್ತು ತನ್ನ ತೋರುಬೆರಳನ್ನೇ ನೋಡುತ್ತಿದ್ದಳು. “ಅಂಗಾರೆ ಇದು ಅದಲ್ವಾ?” ಎಂದಳು.

“ಅಲ್ಲ ಅನ್ಸದೆ ನಂಗೆ. ಆದ್ರೆ ನಂಗೆ ಅನ್ಸುದ್ರೆ ಸಾಲ್ದು ಅವ್ವ. ಒಗೆಸೊಪ್ಪೂ ಆಕ್ತಿದ್ರಿ. ಒಂದು ಚೂರು ತಗ್ದು ಕಳ್ಸಿ ನೋಡ್ಲೇಬೇಕು.”

ನಾನು ಎರಡು ತಿಂಗಳ ಹಿಂದೆ ಮಾಡದೆ ಬಿಟ್ಟ ಕೆಲಸ ಇದೇ. ತನಗೆ ಸರಿ ಕಂಡದ್ದನ್ನೂ ಇನ್ನೊಬ್ಬರಿಂದ ಖಾತ್ರಿ ಮಾಡಿಕೊಳ್ಳದೆ ಹೇಳುವುದಿಲ್ಲ ಎಂದ ಆ ಹೆಣ್ಣುಮಗಳ ಎದುರು ನಾನು ಕುರ್ಚಿಯಲ್ಲಿ ಸ್ವಲ್ಪ ಕುಗ್ಗಿದೆ. ಚಿಕ್ಕವ್ವ ಮಾತ್ರ ಸೆರಗು ಹೊದ್ದು ಎದ್ದಳು.

“ಅಲ್ಲು ಕಿತ್ತಾಕು, ಬ್ಯಾಡ ಅನ್ನಲ್ಲ. ಕುಯ್ಯದ್ ಬ್ಯಾಡ.”

ಬಾಗಿಲಿಗೆ ಅಡ್ಡ ನಿಂತದ್ದು ಸವಿತಾ.

“ಅತ್ತೆ, ಬೀಗ್ರೂಟದಲ್ಲಿ ಉಪ್ಪು ಸರ್ಯಾಗದಾ ಅಂತ ನೋಡಕೆ ಕೊಳ್ಗದ್ ಸಾರೆಲ್ಲ ಕುಡೀತೀರಾ?”

“ಏನೇ ನಿಂದು? ಒಂದ್ ತೊಟ್ಟು.”

“ಆ ತೊಟ್ಟು ತಗುದ್ರೆ ಕೊಳ್ಗದ್ ಸಾರು ಕೆಟ್ಟೋಯ್ತದಾ?”

“ಯಾಕ್ ಕೆಡ್ತದೆ?”

“ಇದೂ ಒಂದ್ ತೊಟ್ಟೇ. ಕೂತ್ಕಳಿ.”

“ಅತ್ತೆಗೇ ಬುದ್ದಿ ಯೋಳೋಳು ಬಂದ್ಳು” ಎಂದಳು ಚಿಕ್ಕವ್ವ. ಆದರೆ ಹೋಗಿ ಕುಳಿತಳು. ಕುಳಿತು ಸವಿತಾಳ ಕೈ ಹಿಡಿದುಕೊಂಡಳು. ಚೂರು ತೆಗೆದು ಹೊಲಿಗೆ ಹಾಕುವವರೆಗೂ ಬಿಡಲಿಲ್ಲ. ಸವಿತಾಳ ಮಣಿಕಟ್ಟಿನ ಮೇಲೆ ಬಳೆಯ ಗುರುತು ಎದ್ದಿದ್ದನ್ನು ಹೊರಗೆ ಬಂದ ಮೇಲೆ ನೋಡಿದೆ. ಕ್ಯಾಪನ್ನೂ ಅವತ್ತೇ ಕತ್ತರಿಸಿ ತೆಗೆದರು. ಹೊರಗೆಲ್ಲ ಹೊಳೆಯುತ್ತಿದ್ದ ಅದರ ಅಂಚಿನಲ್ಲಿ, ಬೆರಳು ತಲುಪದೆ ಹುಳಿ ಉಪ್ಪು ನಿಂತ ಕಡೆ, ಸಣ್ಣ ಸಣ್ಣ ಗುಳಿ ಬಿದ್ದಿತ್ತು.

ವರದಿ ಬರಲು ಹತ್ತು ದಿನ ಎಂದರು. ಸುದ್ದಿಮನೆಯಲ್ಲಿ ಹತ್ತು ನಿಮಿಷ ತಡವಾದರೆ ಕೂಗಾಡುವವನು ನಾನು. ಆ ಹತ್ತು ದಿನ ಯಾರ ಮೇಲೂ ಕೂಗಲಿಲ್ಲ ಎಂದು ನನ್ನ ಸಹೋದ್ಯೋಗಿಗಳು ಆಮೇಲೆ ಹೇಳಿದರು. ನಡುವೆ ಚರ್ಮದ ಡಾಕ್ಟರೊಬ್ಬರು ಚಿಕ್ಕವ್ವನ ಬೆನ್ನಿಗೆ ಬೇರೆ ಬೇರೆ ಲೋಹದ ಅಂಶವಿಟ್ಟ ಪಟ್ಟಿ ಅಂಟಿಸಿ, ಎರಡು ದಿನ ಬೆನ್ನಿಗೆ ನೀರು ಸೋಕಬಾರದು ಎಂದರು. ಮೈಗೆ ಎರಡು ದಿನ ನೀರು ಹಾಕಿಕೊಳ್ಳದಿರುವುದು ಚಿಕ್ಕವ್ವನಿಗೆ ಕತ್ತಿಗಿಂತ ದೊಡ್ಡ ಶಿಕ್ಷೆಯಾಯಿತು. ಪಟ್ಟಿ ತೆಗೆದಾಗ ನಿಕಲ್ ಇಟ್ಟ ಚೌಕ ಮಾತ್ರ ಕೆಂಪಗೆ ಎದ್ದಿತ್ತು. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಉಳಿದರ್ಧ ಮೈಸೂರಿನ ಒಂದು ಲ್ಯಾಬಿನಲ್ಲಿತ್ತು.

ಒಂಬತ್ತನೆಯ ದಿನ ನಾನು ಹೋದಾಗ ಚಿಕ್ಕವ್ವ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಮುಂದೆ ಯಾವ ಹಲ್ಲು ಹಾಕಿಸುವುದು ಎಂಬ ಮಾತು ಬಂತು. ಚಿನ್ನದ್ದು ಇದೆಯಂತೆ, ಟೈಟೇನಿಯಂ ಎಂಬುದು ಇದೆಯಂತೆ, ಪಿಂಗಾಣಿಯಂಥ ಗಟ್ಟಿ ಬಿಳಿ ಹಲ್ಲು ಇದೆಯಂತೆ, ಯಾವುದರಲ್ಲೂ ನಿಕಲ್ ಇಲ್ಲದಂತೆ ನೋಡಿ ಹಾಕುತ್ತಾರಂತೆ ಎಂದು ನಾನು ಒಪ್ಪಿಸಿದೆ.

“ಚಿನ್ನುದ್ದು ಬ್ಯಾಡ” ಎಂದಳು. “ಸತ್ತಾಗ ನನ್ ಮುಖ ನೋಡಕ್ಕಿಲ್ಲ, ಎಲ್ಲ ಬಾಯಿ ನೋಡ್ತೀರಿ.”

ನಾನು ನಕ್ಕೆ. ಅವಳು ನಗಲಿಲ್ಲ. ಕಾಯಿಯಿಂದ ಕಣ್ಣೆತ್ತದೆ, “ಸವಿತಂಗೆ ಉಪ್ಪು ನೋಡದು ವಸಿ ಯೋಳ್ಕೊಟ್ಟಿವ್ನಿ. ನಾಲ್ಗೆ ಒಳ್ಳೇದು ಅವ್ಳ್ದು. ಅವ್ಳ್ಗೆ ಯೋಳ್ಬ್ಯಾಡ” ಎಂದಳು. ಹಾಗಾದರೆ ಅವಳ ಎಣಿಕೆ ಎಲ್ಲಿಗೆ ಹೋಗಿದೆ ಎಂದು ನನಗೆ ಆಗ ತಿಳಿಯಿತು. ಒಳಗೆ ಒಗ್ಗರಣೆ ಹಾಕುತ್ತಿದ್ದ ಸವಿತಾಗೆ ಇದು ಕೇಳಿಸಿತೋ ಇಲ್ಲವೋ, ಸೌಟಿನ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಮರುದಿನ ಮೂವರೂ ಮಂಡ್ಯಕ್ಕೆ ಹೋದೆವು. ಡಾಕ್ಟರಮ್ಮ ಲಕೋಟೆ ಒಡೆದು ಓದಿದರು. ಎರಡನೇ ಹಾಳೆಯನ್ನೂ ಓದಿದರು. ಓದುವಾಗ ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಪರರ ಮುಖ ಓದುವುದರಲ್ಲಿ ನನಗೆ ಅಭ್ಯಾಸವಿದೆ ಎಂದುಕೊಂಡಿದ್ದೆ.

“ಅದಲ್ಲ ಅವ್ವ” ಎಂದರು. “ಲೋಹ ಒಗ್ಗದೆ ಆಗಿರೋ ಹುಣ್ಣು. ಬೇರೆ ಏನೂ ಇಲ್ಲ.”

ಬಾಯಿ ತೆರೆಸಿ ನೋಡಿದರು. ಕೆಂಪು ಇಳಿದಿತ್ತು, ಗೆರೆಗಳು ಮಾಸುತ್ತಿದ್ದವು. ಇನ್ನು ಒಂದೆರಡು ತಿಂಗಳಲ್ಲಿ ಪೂರ್ತಿ ಮಾಯಬಹುದು, ಆಗಾಗ ಬಂದು ತೋರಿಸಬೇಕು, ಹೊಸ ಹಲ್ಲನ್ನು ಮೆತ್ತನೆಯ ಬ್ರಷ್ಷಿನಲ್ಲಿ ಮಾತ್ರ ಉಜ್ಜಬೇಕು ಎಂದರು.

“ಅಂಗಾರೆ ಒಗೆಸೊಪ್ಪಿಂದೇನೂ ಇಲ್ಲ” ಎಂದು ಚಿಕ್ಕವ್ವ ನನ್ನ ಕಡೆ ತಿರುಗಿದಳು. “ನೋಡ್ಲಾ, ಸುಮ್ಕೆ ಬುಡಿಸ್ದೆ ನನ್ನ.”

“ಅದನ್ನ ಮತ್ತೆ ಮುಟ್ಟುದ್ರೆ ನಾನೇ ಮಳವಳ್ಳಿಗೆ ಬಂದು ಒಲೆಗಾಕ್ತೀನಿ” ಎಂದರು ಡಾಕ್ಟರಮ್ಮ. ನಾನು ಚಿಕ್ಕವ್ವನ ಕ್ಷಮೆ ಕೇಳಬೇಕೆಂದು ಬಸ್ಸಿನಲ್ಲೇ ವಾಕ್ಯ ಕಟ್ಟಿಕೊಂಡು ಬಂದಿದ್ದೆ. ಹೇಳಲು ಶುರುಮಾಡುವ ಹೊತ್ತಿಗೆ ಪಕ್ಕದಲ್ಲಿ ಬಿಕ್ಕುವ ಸದ್ದು ಕೇಳಿತು.

ಸವಿತಾ ಗೋಡೆಗೆ ಒರಗಿ ನಿಂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಕತ್ತಿ ಬೇಡವೆಂದು ಅತ್ತೆ ಹಟ ಹಿಡಿದ ದಿನ ಅತ್ತದ್ದು ಬಿಟ್ಟರೆ ಅಲ್ಲಿಂದೀಚೆಗೆ ಅವಳ ಕಣ್ಣಲ್ಲಿ ಯಾರೂ ನೀರು ಕಂಡಿರಲಿಲ್ಲ. ಈಗ ಭುಜ ಕುಲುಕುತ್ತಿತ್ತು. ಡಾಕ್ಟರಮ್ಮ ಕಾಗದ ಮಡಿಸುವುದನ್ನು ನಿಲ್ಲಿಸಿದರು.

ಚಿಕ್ಕವ್ವ ಸೊಸೆಯನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು.

“ಯಾಕಮ್ಮಿ ಅಳ್ತೀಯ? ನಾನ್ ಸಾಯಕ್ಕಿಲ್ಲ ಅಂತ್ಲಾ?”

ಸವಿತಾ ಸೆರಗು ತೆಗೆಯಲಿಲ್ಲ. ಸೆರಗಿನ ಒಳಗಿನಿಂದಲೇ ಹೇಳಿದಳು.

“ಊಂ ಕಣತ್ತೆ. ಅದ್ಕೇಯ.”